ತುಮಕೂರಿನ ಕಂಟ್ರೋಲರ್ ಹೊರದೇಶಕ್ಕೆ ಹೋಗಬೇಕಾದರೆ: ಇಎಂಸಿ ಪರೀಕ್ಷೆ ಮತ್ತು ಪ್ರಮಾಣೀಕರಣದ ಸಮಗ್ರ ಮಾರ್ಗದರ್ಶಿ

ಅಂತರಸನಹಳ್ಳಿಯಲ್ಲೋ ವಸಂತನರಸಾಪುರದಲ್ಲೋ ಒಂದು ಸಣ್ಣ ಘಟಕವಿದೆ ಎಂದಿಟ್ಟುಕೊಳ್ಳಿ. ಅಡಿಕೆ, ತೆಂಗಿನ ತೋಟಗಳಿಗೆ ಹನಿ ನೀರಾವರಿ ಕಂಟ್ರೋಲರ್ ಮಾಡುತ್ತದೆ. ಎಂಟು ವಾಲ್ವ್, 24 ವೋಲ್ಟ್ ಡಿಸಿ ಅಡಾಪ್ಟರ್, ಮೊಬೈಲಿನಿಂದ ನಡೆಸಲು ವೈಫೈ. ಮಾಲು ಇಲ್ಲಿ ಚೆನ್ನಾಗಿ ಓಡುತ್ತಿದೆ, ಸ್ಪೇನಿನಿಂದಲೋ ಕ್ಯಾಲಿಫೋರ್ನಿಯಾದಿಂದಲೋ ವಿಚಾರಣೆ ಬರುತ್ತದೆ. ಖರೀದಿದಾರ ದರಕ್ಕಿಂತ ಮೊದಲು ಕೇಳುವುದು ಯುರೋಪಿಗೆ ಬೇಕಾದ ಸಿಇ, ಅಮೆರಿಕಕ್ಕೆ ಬೇಕಾದ ಎಫ್‌ಸಿಸಿ ಕಾಗದ. ಆಗ ಯಾರೋ ಏಜೆಂಟ್ ಸಿಕ್ಕಿ, ವಾರದಲ್ಲಿ ಸರ್ಟಿಫಿಕೇಟ್ ಕೊಡಿಸುತ್ತೇನೆ, ಮಾಲು ಕಳಿಸುವುದೂ ಬೇಡ ಎನ್ನುತ್ತಾನೆ. ಅಲ್ಲಿಗೆ ದುಡ್ಡು ಹಾಕಬೇಡಿ. ಪರೀಕ್ಷಾ ವರದಿ ಇಲ್ಲದ ಸರ್ಟಿಫಿಕೇಟಿಗೆ ಯುರೋಪಿನ ಮಾರುಕಟ್ಟೆ ತಪಾಸಣೆಯವರ ಮುಂದೆ ಕವಡೆಕಾಸಿನ ಕಿಮ್ಮತ್ತಿಲ್ಲ. ಅಷ್ಟೇ ಹಣದಲ್ಲಿ ಬೆಂಗಳೂರಿನ ಲ್ಯಾಬಿನಲ್ಲಿ ಅರ್ಧ ದಿನದ ಪೂರ್ವ ಪರೀಕ್ಷೆ ಮಾಡಿಸಿದರೆ ಬೋರ್ಡಿನ ನಿಜ ಸ್ಥಿತಿ ಗೊತ್ತಾಗುತ್ತದೆ.

ಇಎಂಸಿ ಎಂದರೆ ಎರಡು ಮಾತು. ನಿಮ್ಮ ಉಪಕರಣ ಹೊರಗೆ ಬಿಡುವ ರೇಡಿಯೊ ಗದ್ದಲ ಮಿತಿಯೊಳಗಿರಬೇಕು; ಹೊರಗಿನ ಗದ್ದಲ, ಸಿಡಿಲಿನ ಸರ್ಜ್, ಕೈಬೆರಳಿನ ಕಿಡಿ ತಗುಲಿದರೂ ಅದು ಕೆಡಬಾರದು. ಅಮೆರಿಕ ಮೊದಲನೆಯದನ್ನು ಮಾತ್ರ ಕೇಳುತ್ತದೆ. ಯುರೋಪ್ ಎರಡನ್ನೂ ಕೇಳುತ್ತದೆ.

ಹಂತ 1: ಯಾವ ದೇಶ, ರೇಡಿಯೊ ಇದೆಯೋ ಇಲ್ಲವೋ

ಸರ್ಕ್ಯೂಟ್ ಬರೆಯುವ ಮೊದಲೇ ಈ ಎರಡು ತೀರ್ಮಾನವಾಗಬೇಕು. ವೈಫೈ ಇಲ್ಲದ ಕಂಟ್ರೋಲರಿಗೆ ಯುರೋಪಿನಲ್ಲಿ ಅನ್ವಯಿಸುವುದು 2014/30/ಇಯು, ಅಂದರೆ ಇಎಂಸಿ ನಿರ್ದೇಶನ. ವಿದ್ಯುತ್ ಸುರಕ್ಷತೆಯ ಲೋ ವೋಲ್ಟೇಜ್ ನಿರ್ದೇಶನ ಶುರುವಾಗುವುದೇ 50 ವೋಲ್ಟ್ ಎಸಿ ಅಥವಾ 75 ವೋಲ್ಟ್ ಡಿಸಿಯಿಂದ. ಹಾಗಾಗಿ 24 ವೋಲ್ಟ್ ಪೆಟ್ಟಿಗೆ ಅದರ ಹೊರಗುಳಿಯುತ್ತದೆ, ಅಡಾಪ್ಟರ್ ಮಾತ್ರ ಒಳಗೆ ಬರುತ್ತದೆ. ಅದೇ ಪೆಟ್ಟಿಗೆಗೆ ಒಂದು ವೈಫೈ ಮಾಡ್ಯೂಲ್ ಸೇರಿಸಿದಿರೋ, ಇವೆರಡೂ ಪಕ್ಕಕ್ಕೆ ಸರಿದು ರೇಡಿಯೊ ಉಪಕರಣ ನಿರ್ದೇಶನ 2014/53/ಇಯು ಬರುತ್ತದೆ. ಸುರಕ್ಷತೆ, ಇಎಂಸಿ, ರೇಡಿಯೊ ಮೂರೂ ಅದರೊಳಗೇ ಇವೆ, ಮತ್ತು ಸುರಕ್ಷತೆಗೆ ಅಲ್ಲಿ ಕನಿಷ್ಠ ವೋಲ್ಟೇಜ್ ಎಂಬ ವಿನಾಯಿತಿ ಇಲ್ಲ. ಇಂಟರ್ನೆಟ್ಟಿಗೆ ಜೋಡಣೆಯಾಗುವ ಉಪಕರಣವಾದರೆ 2025ರ ಆಗಸ್ಟ್ 1ರಿಂದ ಸೈಬರ್ ಭದ್ರತೆಯ ಷರತ್ತೂ ಸೇರಿದೆ. ಅದಕ್ಕೆ ಇಎನ್ 18031-1 ನೋಡಬೇಕು. ಪಾಸ್‌ವರ್ಡ್ ಇಟ್ಟುಕೊಳ್ಳದೆಯೂ ಬಳಸಲು ಬಿಡುವ ಆ್ಯಪ್ ಇದ್ದರೆ ಆ ಸ್ಟ್ಯಾಂಡರ್ಡ್ ಒಂದರ ಆಧಾರದಲ್ಲಿ ಸ್ವಯಂ ಘೋಷಣೆ ಮಾಡಿಕೊಳ್ಳಲು ಬರುವುದಿಲ್ಲ, ನೋಟಿಫೈಡ್ ಬಾಡಿಯ (ಯುರೋಪ್ ನೇಮಿಸಿದ ಸ್ವತಂತ್ರ ಪರಿಶೀಲನಾ ಸಂಸ್ಥೆ) ಬಾಗಿಲಿಗೆ ಹೋಗಬೇಕಾಗುತ್ತದೆ. ಇದನ್ನು ಸಾಫ್ಟ್‌ವೇರ್ ಬರೆಯುವವರಿಗೆ ಮೊದಲ ದಿನವೇ ಹೇಳಿ.

ಅಮೆರಿಕದಲ್ಲಿ ನಿಯಮಾವಳಿ 47ರ ಭಾಗ 15. ರೇಡಿಯೊ ಇಲ್ಲದ ಡಿಜಿಟಲ್ ಉಪಕರಣಕ್ಕೆ ಸರಬರಾಜುದಾರರ ಸ್ವಯಂ ಘೋಷಣೆ ಸಾಕು, ಆದರೆ ಹೊಣೆ ಹೊರುವವರ ವಿಳಾಸ ಅಮೆರಿಕದೊಳಗೇ ಇರಬೇಕು. ಅದು ಸಾಮಾನ್ಯವಾಗಿ ನಿಮ್ಮ ಆಮದುದಾರ, ಒಪ್ಪಂದದಲ್ಲೇ ಬರೆಸಿಕೊಳ್ಳಿ. ರೇಡಿಯೊ ಇದ್ದರೆ ಪ್ರಮಾಣೀಕರಣ ಸಂಸ್ಥೆಯ ಮೂಲಕ ಎಫ್‌ಸಿಸಿ ಐಡಿ ಬೇಕು. ಸಣ್ಣ ಘಟಕಕ್ಕೆ ಉಳಿತಾಯದ ದಾರಿ ಎಂದರೆ ಆಗಲೇ ಐಡಿ ಪಡೆದಿರುವ, ಮೇಲೆ ಲೋಹದ ಮುಚ್ಚಳವಿರುವ ವೈಫೈ ಮಾಡ್ಯೂಲ್ ಕೊಳ್ಳುವುದು. ಆಗ ನಿಮ್ಮ ಪೆಟ್ಟಿಗೆಯ ಲೇಬಲ್ಲಿನ ಮೇಲೆ ಒಳಗಿರುವ ಮಾಡ್ಯೂಲಿನ ಐಡಿಯನ್ನು ನಮೂದಿಸಿದರೆ ಸಾಕು. ಷರತ್ತುಗಳಿವೆ: ಮಾಡ್ಯೂಲಿಗೆ ಅನುಮತಿ ಸಿಕ್ಕಾಗ ಇದ್ದ ಆಂಟೆನಾ ಬಗೆಯನ್ನೇ ಬಳಸಬೇಕು, ಜನರಿಂದ 20 ಸೆಂಟಿಮೀಟರ್ ದೂರದ ನಿಯಮ ಪಾಲಿಸಬೇಕು, ಪಕ್ಕದಲ್ಲೇ 4ಜಿ ಮಾಡ್ಯೂಲ್ ಇಟ್ಟು ಎರಡೂ ಒಟ್ಟಿಗೆ ಪ್ರಸಾರ ಮಾಡುವಂತಿದ್ದರೆ ಹೊಸದಾಗಿ ಲೆಕ್ಕ ಕೊಡಬೇಕು. ಮಾಡ್ಯೂಲಿಗೆ ಐಡಿ ಇದೆಯೆಂದು ನಿಮ್ಮ ಬೋರ್ಡಿಗೆ ಪರೀಕ್ಷೆ ತಪ್ಪುವುದಿಲ್ಲ. ರೇಡಿಯೊ ಚಾಲೂ ಇಟ್ಟುಕೊಂಡೇ ಪೂರ್ತಿ ಪೆಟ್ಟಿಗೆಯ ಹೊರಸೂಸುವಿಕೆ ಅಳೆಯಬೇಕು.

ಉಳಿದ ದೇಶಗಳನ್ನು ಚುಟುಕಾಗಿ ಹೇಳಬಹುದು. ಬ್ರಿಟನ್ ತನ್ನ ಯುಕೆಸಿಎ ಗುರುತಿನ ಜೊತೆ ಸಿಇಯನ್ನೂ ಒಪ್ಪುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಆರ್‌ಸಿಎಂ ಗುರುತು ಬೇಕು. ಯುರೋಪಿನ ವರದಿಯೇ ಬಹುಮಟ್ಟಿಗೆ ಅಲ್ಲಿಗೂ ಸಲ್ಲುತ್ತದೆ, ಆದರೆ ಜವಾಬ್ದಾರಿ ಅಲ್ಲಿನ ಸ್ಥಳೀಯ ಸರಬರಾಜುದಾರನದು. ಕೆನಡಾಕ್ಕೆ ಐಸಿಇಎಸ್-003, ಎಫ್‌ಸಿಸಿ ಅಳತೆಯ ಜೊತೆಗೇ ಮುಗಿಸಿಕೊಳ್ಳಬಹುದು. ಕೊರಿಯಾದ ಕೆಸಿ ಬೇರೆಯೇ ಪ್ರಕ್ರಿಯೆ, ಆರ್ಡರ್ ಕೈಗೆ ಬಂದ ಮೇಲೆ ನೋಡಿಕೊಂಡರಾಯಿತು. ಇಲ್ಲಿ ಬಿಐಎಸ್ ಕಡ್ಡಾಯ ನೋಂದಣಿ ಮಾಡಿಸಿದ್ದೇವಲ್ಲ ಎಂದು ಕೆಲವರು ಕೇಳುವುದುಂಟು. ಅದು ಸುರಕ್ಷತೆಯ ಪರೀಕ್ಷೆ. ಇಎಂಸಿಗೆ ಅದರಿಂದ ಏನೂ ಸಿಗದು.

ಹಂತ 2: ಸ್ಟ್ಯಾಂಡರ್ಡ್ ಆರಿಸುವುದು, ಮಿತಿ ತಿಳಿಯುವುದು

ನಮ್ಮ ಕಂಟ್ರೋಲರಿಗೆ ಯುರೋಪಿನಲ್ಲಿ ರೇಡಿಯೊ ಭಾಗಕ್ಕೆ ಇಎನ್ 300 328, ರೇಡಿಯೊ ಉಪಕರಣದ ಇಎಂಸಿಗೆ ಇಎನ್ 301 489-1 ಮತ್ತು 301 489-17. ಉಳಿದ ಬೋರ್ಡಿಗೆ ಸಾಮಾನ್ಯ ಸ್ಟ್ಯಾಂಡರ್ಡುಗಳಾದ ಇಎನ್ ಐಇಸಿ 61000-6 ಸರಣಿ. ಇಲ್ಲಿ ಒಂದು ಸಲಹೆ: ಹೊರಸೂಸುವಿಕೆಗೆ ಮನೆಬಳಕೆಯ 6-3, ತಡೆದುಕೊಳ್ಳುವಿಕೆಗೆ ಕಾರ್ಖಾನೆಯ 6-2 ಹಿಡಿಯಿರಿ. ಎರಡರಲ್ಲೂ ಕಠಿಣವಾದದ್ದು ಅದೇ. ತೋಟದ ಮನೆಯಲ್ಲಿ ಟಿವಿಯೂ ಇರುತ್ತದೆ, ಪಂಪಿನ ಕಾಂಟ್ಯಾಕ್ಟರೂ ಇರುತ್ತದೆ. ಉಪಕರಣ ಎರಡನ್ನೂ ಸುಧಾರಿಸಿಕೊಂಡು ಬಾಳಬೇಕು.

ಗಾಳಿಯಲ್ಲಿ ಹರಡುವ ಗದ್ದಲಕ್ಕೆ ಮನೆಬಳಕೆಯ ಬಿ ವರ್ಗದ ಯುರೋಪ್ ಮಿತಿ, 10 ಮೀಟರ್ ದೂರದಲ್ಲಿ, 30ರಿಂದ 230 ಮೆಗಾಹರ್ಟ್ಸ್‌ವರೆಗೆ ಮೀಟರಿಗೆ 30 ಡೆಸಿಬೆಲ್ ಮೈಕ್ರೊವೋಲ್ಟ್, ಅಲ್ಲಿಂದ 1000 ಮೆಗಾಹರ್ಟ್ಸ್‌ವರೆಗೆ 37. ಅಮೆರಿಕ 3 ಮೀಟರಿನಲ್ಲಿ ಅಳೆಯುತ್ತದೆ: 30–88ಕ್ಕೆ 40, 88–216ಕ್ಕೆ 43.5, 216–960ಕ್ಕೆ 46, ಅದರ ಮೇಲೆ 54. ಅಂಕಿ ಬೇರೆ ಕಂಡರೂ 10 ಮೀಟರಿನಿಂದ 3 ಮೀಟರಿಗೆ ಬಂದಾಗ ಸುಮಾರು 10 ಡೆಸಿಬೆಲ್ ಏರುವುದರಿಂದ ಎರಡೂ ಹತ್ತಿರಹತ್ತಿರವೇ. ಪವರ್ ತಂತಿಯ ಮೂಲಕ ಹೋಗುವ ಗದ್ದಲವನ್ನು 150 ಕಿಲೊಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ನೋಡುತ್ತಾರೆ. ಕ್ವಾಸಿ ಪೀಕ್ (ಗದ್ದಲದ ಶಿಖರ ಎಷ್ಟು ಸಲ ಬರುತ್ತದೆಂದೂ ಗಣಿಸುವ) ಅಳತೆಯಲ್ಲಿ ಮಿತಿ 66ರಿಂದ ಇಳಿಯುತ್ತಾ 500 ಕಿಲೊಹರ್ಟ್ಸ್‌ನಲ್ಲಿ 56, 5 ಮೆಗಾಹರ್ಟ್ಸ್‌ವರೆಗೆ 56, ಆಮೇಲೆ 60. ಸರಾಸರಿ ಅಳತೆಯ ಮಿತಿ ಎಲ್ಲೆಡೆ ಇದಕ್ಕಿಂತ 10 ಕಡಿಮೆ.

ಎಷ್ಟು ಎತ್ತರದ ಫ್ರೀಕ್ವೆನ್ಸಿವರೆಗೆ ಅಳೆಯಬೇಕು ಎಂಬುದು ನಿಮ್ಮ ಚಿಪ್ಪಿನ ಗಡಿಯಾರದ (ಕ್ಲಾಕ್) ಮೇಲಿದೆ. 108 ಮೆಗಾಹರ್ಟ್ಸ್ ಒಳಗಿದ್ದರೆ 1 ಗಿಗಾಹರ್ಟ್ಸ್‌ವರೆಗೆ ಸಾಕು. 240 ಮೆಗಾಹರ್ಟ್ಸ್‌ನಲ್ಲಿ ಓಡುವ ವೈಫೈ ಪ್ರೊಸೆಸರ್ ಹಾಕಿದರೆ 2 ಗಿಗಾಹರ್ಟ್ಸ್.

ತಡೆದುಕೊಳ್ಳುವ ಪರೀಕ್ಷೆಗಳು ಐಇಸಿ 61000-4 ಸರಣಿಯವು. ಸ್ಥಿರವಿದ್ಯುತ್ ಕಿಡಿ ಮುಟ್ಟಿಸಿ 4 ಕಿಲೊವೋಲ್ಟ್, ಗಾಳಿಯಲ್ಲಿ 8 ಕಿಲೊವೋಲ್ಟ್. ರೇಡಿಯೊ ಅಲೆ ಮೀಟರಿಗೆ 10 ವೋಲ್ಟ್. ಕಾಂಟ್ಯಾಕ್ಟರ್ ಕಿಡಿಯಂಥ ತ್ವರಿತ ಸ್ಪಂದನ ಪವರ್ ತಂತಿಗೆ 2 ಕಿಲೊವೋಲ್ಟ್, ಸಿಗ್ನಲ್ ತಂತಿಗೆ 1 ಕಿಲೊವೋಲ್ಟ್. ಎಸಿ ಪವರಿಗೆ ಸರ್ಜ್ ತಂತಿತಂತಿಯ ನಡುವೆ 1, ತಂತಿ ಮತ್ತು ಅರ್ಥಿಂಗಿನ ನಡುವೆ 2 ಕಿಲೊವೋಲ್ಟ್. ಸಿಗ್ನಲ್ ತಂತಿ 3 ಮೀಟರಿಗಿಂತ ಉದ್ದವಿದ್ದರೆ ತ್ವರಿತ ಸ್ಪಂದನದ ಪರೀಕ್ಷೆ, 30 ಮೀಟರಿಗಿಂತ ಉದ್ದವಿದ್ದರೆ ಸರ್ಜ್ ಪರೀಕ್ಷೆ ಅದಕ್ಕೂ ಬರುತ್ತದೆ. ತಂತಿ ಗರಿಷ್ಠ 3 ಮೀಟರ್ ಎಂದು ಕೈಪಿಡಿಯಲ್ಲಿ ಬರೆದು ತಪ್ಪಿಸಿಕೊಳ್ಳುವವರಿದ್ದಾರೆ. ತೋಟದಲ್ಲಿ ವಾಲ್ವ್ ತಂತಿ ನೂರು ಮೀಟರ್ ಹೋಗುವುದು ಎಲ್ಲರಿಗೂ ಗೊತ್ತು. ಆ ಜಾಣತನ ಮೊದಲ ಮಳೆಗಾಲಕ್ಕೇ ವಾಪಸು ಬಂದ ಮಾಲಿನ ರೂಪದಲ್ಲಿ ತಿರುಗಿ ಬರುತ್ತದೆ.

ಹಂತ 3: ಬೋರ್ಡಿನಲ್ಲೇ ಅರ್ಧ ಗೆಲ್ಲಬೇಕು

ಎರಡು ಪದರದ ಬೋರ್ಡಿನಲ್ಲಿ ವೈಫೈ ಮಾಡ್ಯೂಲ್, ಎಸ್‌ಎಂಪಿಎಸ್, (ಅಂದರೆ ಸ್ವಿಚಿಂಗ್ ಪವರ್ ಸಪ್ಲೈ), ಎಂಟು ವಾಲ್ವ್ ಡ್ರೈವರ್ ತುರುಕಿ ಉಳಿಸುವ ಹಣ, ಲ್ಯಾಬಿನಲ್ಲಿ ಕಳೆಯುವ ಒಂದು ಹೆಚ್ಚುವರಿ ದಿನಕ್ಕೂ ಸಾಲದು. ನಾಲ್ಕು ಪದರ ತೆಗೆದುಕೊಳ್ಳಿ, ಎರಡನೆಯ ಪದರ ಪೂರ್ತಿ ಗ್ರೌಂಡ್ ಇರಲಿ, ಅದರಲ್ಲಿ ಸೀಳು ಬೇಡ. ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್ ಎಂದು ಎರಡಾಗಿ ಕೊರೆದು ಆ ಕೊರೆತದ ಮೇಲೇ ಗಡಿಯಾರದ ಗೆರೆ ಹಾಯಿಸುವುದು ಬೋರ್ಡುಗಳು ನಪಾಸಾಗುವ ಬಹು ಸಾಮಾನ್ಯ ಕಾರಣ. ಮರಳುವ ಕರೆಂಟಿಗೆ ದಾರಿ ಸಿಗದೆ ಅದು ಸುತ್ತಿ ಬರುತ್ತದೆ, ಆ ಸುತ್ತೇ ಆಂಟೆನಾ ಆಗುತ್ತದೆ.

ಹೊರಗೆ ಹೋಗುವ ಎಲ್ಲ ಕನೆಕ್ಟರುಗಳನ್ನು ಬೋರ್ಡಿನ ಒಂದೇ ಅಂಚಿಗೆ ತನ್ನಿ. ಎರಡು ಎದುರು ಅಂಚುಗಳಲ್ಲಿ ತಂತಿ ಹೊರಟರೆ ಬೋರ್ಡಿನ ಗ್ರೌಂಡಿನಲ್ಲಿರುವ ಮಿಲಿವೋಲ್ಟ್ ವ್ಯತ್ಯಾಸವೇ ಎರಡೂ ತಂತಿಗಳನ್ನು ಡೈಪೋಲ್ ಆಂಟೆನಾದಂತೆ ಓಡಿಸುತ್ತದೆ. ಎಷ್ಟು ಕರೆಂಟ್ ಸಾಕು ಗೊತ್ತೇ? ಒಂದು ಮೀಟರ್ ತಂತಿಯಲ್ಲಿ 50 ಮೆಗಾಹರ್ಟ್ಸ್‌ನ 5 ಮೈಕ್ರೊಆಂಪಿಯರ್ ಕಾಮನ್ ಮೋಡ್ ಕರೆಂಟ್ (ತಂತಿಯ ಎಲ್ಲ ಎಳೆಗಳಲ್ಲೂ ಒಂದೇ ದಿಕ್ಕಿಗೆ ಹೋಗುವುದು) ಹರಿದರೆ 3 ಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 105 ಮೈಕ್ರೊವೋಲ್ಟ್ ಕಾಣುತ್ತದೆ. ಎಫ್‌ಸಿಸಿ ಬಿ ವರ್ಗದ ಮಿತಿ 100 (ಮೇಲೆ ಹೇಳಿದ 40 ಡೆಸಿಬೆಲ್ ಎಂದರೆ ಇದೇ).

ಪ್ರತಿ ವಾಲ್ವ್ ಔಟ್‌ಪುಟ್ಟಿಗೂ ಡ್ರೈವರಿನ ಪಕ್ಕದಲ್ಲೇ ಫ್ರೀವೀಲ್ ಡಯೋಡ್, ಕನೆಕ್ಟರಿನ ಬುಡದಲ್ಲಿ ಟಿವಿಎಸ್ (ಸರ್ಜ್ ಹೀರಿಕೊಳ್ಳುವ ಡಯೋಡ್) ಮತ್ತು 1 ನ್ಯಾನೊಫ್ಯಾರಡ್ ಕೆಪ್ಯಾಸಿಟರ್. ಟಿವಿಎಸ್ ಅನ್ನು ಬೋರ್ಡಿನ ನಡುವೆ ಕೂರಿಸಿದರೆ ಕಿಡಿ ಅಲ್ಲಿಯವರೆಗೆ ಬಂದು ದಾರಿಯಲ್ಲಿ ಸಿಕ್ಕ ಗೆರೆಗಳಿಗೆಲ್ಲ ಹಾರಿರುತ್ತದೆ. ಪ್ರೊಸೆಸರಿನ ರೀಸೆಟ್ ಗೆರೆ ಆದಷ್ಟು ಚಿಕ್ಕದಿರಲಿ, 100 ನ್ಯಾನೊಫ್ಯಾರಡ್ ಪಿನ್ನಿಗೆ ಅಂಟಿಕೊಂಡಿರಲಿ. ಕಿಡಿ ಪರೀಕ್ಷೆಯಲ್ಲಿ ತಾನೇ ರೀಸೆಟ್ ಆಗುವ ಬೋರ್ಡುಗಳಲ್ಲಿ ಮೊದಲು ನೋಡಬೇಕಾದ ಜಾಗ ಅದು.

ಅಡಾಪ್ಟರ್ ವಿಚಾರಕ್ಕೆ ಬರೋಣ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ ಅಡಾಪ್ಟರುಗಳ ಮೇಲೆ ಸಿಇ ಎಂದು ಅಚ್ಚಾಗಿರುತ್ತದೆ. ಬಿಚ್ಚಿ ನೋಡಿದರೆ ಕಾಮನ್ ಮೋಡ್ ಚೋಕ್ ಇರಬೇಕಾದ ಜಾಗದಲ್ಲಿ ಎರಡು ಜಂಪರ್ ತಂತಿ, ಎರಡು ಪವರ್ ತಂತಿಗಳ ನಡುವೆ ಕೂರಬೇಕಾದ ಎಕ್ಸ್ ಕೆಪ್ಯಾಸಿಟರಿನ ಜಾಗ ಖಾಲಿ. ಅಡಾಪ್ಟರ್ ಕೊಳ್ಳುವಾಗ ಗುರುತನ್ನಲ್ಲ, ಆ ಮಾಡೆಲ್ಲಿನ ಪರೀಕ್ಷಾ ವರದಿ ಕೇಳಿ. ನೀವೇ ಎಸ್‌ಎಂಪಿಎಸ್ ಮಾಡುವುದಾದರೆ 0.1 ಮೈಕ್ರೊಫ್ಯಾರಡ್ ಎಕ್ಸ್2, 10–20 ಮಿಲಿಹೆನ್ರಿ ಕಾಮನ್ ಮೋಡ್ ಚೋಕ್, ಪ್ರೈಮರಿ ಮತ್ತು ಸೆಕೆಂಡರಿ ನಡುವೆ 2.2 ನ್ಯಾನೊಫ್ಯಾರಡ್ ವೈ1 ಇಟ್ಟುಕೊಂಡು ಶುರುಮಾಡಿ. ವೈ ಕೆಪ್ಯಾಸಿಟರ್ ದೊಡ್ಡದು ಮಾಡಿದಷ್ಟೂ ಗದ್ದಲ ಇಳಿಯುತ್ತದೆ ನಿಜ, ಆದರೆ 230 ವೋಲ್ಟಿನಲ್ಲಿ 2.2 ನ್ಯಾನೊಫ್ಯಾರಡ್ಡಿಗೇ 0.16 ಮಿಲಿಆಂಪಿಯರ್ ಸೋರಿಕೆ ಇದೆ. ಇನ್ನು ಏರಿಸಿದರೆ ಸುರಕ್ಷತೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಸ್ವಿಚಿಂಗ್ 65 ಕಿಲೊಹರ್ಟ್ಸ್ ಇರುವ ಐಸಿ ಆರಿಸಿದರೆ ಎರಡನೆಯ ಹಾರ್ಮೋನಿಕ್ 130ರಲ್ಲಿ ಬೀಳುತ್ತದೆ. ಅಳತೆ ಶುರುವಾಗುವುದು 150ರಿಂದ. ಮೊದಲು ಎದುರಿಸಬೇಕಾದದ್ದು ಬಲ ಕುಂದಿದ ಮೂರನೆಯದು, 195 ಕಿಲೊಹರ್ಟ್ಸ್‌ನಲ್ಲಿ.

ಹಂತ 4: ಶೆಡ್ಡಿನಲ್ಲೇ ಪೂರ್ವ ಪರೀಕ್ಷೆ

ಬೇಕಾದ ಸಾಮಾನು: ಚಿಕ್ಕ ಸ್ಪೆಕ್ಟ್ರಮ್ ಅನಲೈಜರ್, ಪವರ್ ತಂತಿಯ ಗದ್ದಲ ಅಳೆಯಲು ಲಿಸ್ನ್ ಎಂದು ಕರೆಯುವ 50 ಮೈಕ್ರೊಹೆನ್ರಿ ಪವರ್ ಜಾಲ, ಒಂದು ಕರೆಂಟ್ ಪ್ರೋಬ್, ಕೋಆಕ್ಸಿಯಲ್ ತಂತಿಯನ್ನು ಉಂಗುರ ಮಾಡಿದ ಹತ್ತಿರದ ಪ್ರೋಬ್.

ಲಿಸ್ನ್ ವಿಷಯದಲ್ಲಿ ಎಚ್ಚರ ಬೇಕು. ಅದರೊಳಗೆ ಲೈನಿನಿಂದ ಅರ್ಥಿಂಗಿಗೆ 8 ಮೈಕ್ರೊಫ್ಯಾರಡ್ ಇರುತ್ತದೆ, 230 ವೋಲ್ಟಿನಲ್ಲಿ ಅರ್ಧ ಆಂಪಿಯರಿಗೂ ಮೇಲೆ ಕರೆಂಟ್ ಅರ್ಥಿಂಗಿಗೆ ಹೋಗುತ್ತದೆ. ಇಎಲ್‌ಸಿಬಿ ತಕ್ಷಣ ಟ್ರಿಪ್ ಆಗುತ್ತದೆ. ಟ್ರಿಪ್ ಆಗುತ್ತದೆಂದು ಅರ್ಥ್ ಕಿತ್ತು ಹಾಕಿದರೆ ಪೆಟ್ಟಿಗೆಯ ಮೈಗೆಲ್ಲ ಕರೆಂಟ್ ಬರುತ್ತದೆ, ಮುಟ್ಟಿದವರ ಜೀವಕ್ಕೆ ಅಪಾಯ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಲಿಸ್ನ್‌ಗೆ ಮೊದಲು ಅರ್ಥ್ ಕಟ್ಟಿ, ಆಮೇಲೆ ಪವರ್ ಕೊಡಿ. ಅನಲೈಜರಿನ ಮುಂದೆ 10 ಡೆಸಿಬೆಲ್ ಅಟೆನ್ಯುಯೇಟರ್ ಇರಲಿ, ಇಲ್ಲದಿದ್ದರೆ ಸ್ವಿಚ್ ಹಾಕಿದ ಕ್ಷಣದ ಸ್ಪಂದನಕ್ಕೆ ಅದರ ಬಾಯಿ ಸುಟ್ಟುಹೋಗುತ್ತದೆ. ಅಡಾಪ್ಟರಿನಿಂದ ಓಡುವ ಮಾಲಿಗೆ ಈ ಅಳತೆ ಅಡಾಪ್ಟರಿನ ಎಸಿ ಬದಿಯಲ್ಲಿ.

ಶುರುವಿಗೆ ನಿಮ್ಮ ಮಾಲನ್ನು ಆಫ್ ಮಾಡಿಟ್ಟು ಒಮ್ಮೆ ಅಳೆಯಿರಿ. ತುಮಕೂರಿನಲ್ಲಿ 612 ಕಿಲೊಹರ್ಟ್ಸ್‌ನಲ್ಲಿ ಚೂಪಾದ ಗೆರೆ ಎದ್ದರೆ ಅದು ನಿಮ್ಮ ಎಸ್‌ಎಂಪಿಎಸ್ ಅಲ್ಲ, ಬೆಂಗಳೂರು ಆಕಾಶವಾಣಿ. 101.3 ಮತ್ತು 102.9 ಮೆಗಾಹರ್ಟ್ಸ್‌ನಲ್ಲಿ ಕಾಣುವುದೂ ಎಫ್‌ಎಂ ಪ್ರಸಾರವೇ. 900, 1800ರ ಸುತ್ತ ಮೊಬೈಲ್ ಗೋಪುರಗಳು. ಇವನ್ನು ಗುರುತು ಮಾಡಿಟ್ಟುಕೊಂಡ ಮೇಲೆಯೇ ಮಾಲನ್ನು ಚಾಲೂ ಮಾಡಿ.

ಗಾಳಿಯಲ್ಲಿ ಹರಡುವುದನ್ನು ಶೆಡ್ಡಿನಲ್ಲಿ ನಂಬುವಂತೆ ಅಳೆಯಲು ಆಗದು. ಅದರ ಬದಲು ಪ್ರತಿ ತಂತಿಗೂ ಕರೆಂಟ್ ಪ್ರೋಬ್ ಹಾಕಿ. ಪ್ರೋಬಿನ ವರ್ಗಾವಣೆ ಇಂಪೀಡೆನ್ಸ್ 5 ಓಮ್ ಇದ್ದರೆ ಮೇಲೆ ಹೇಳಿದ 5 ಮೈಕ್ರೊಆಂಪಿಯರ್ ಎಂದರೆ 25 ಮೈಕ್ರೊವೋಲ್ಟ್, ಸುಮಾರು 28 ಡೆಸಿಬೆಲ್ ಮೈಕ್ರೊವೋಲ್ಟ್. ಎಲ್ಲ ತಂತಿಯಲ್ಲೂ ಇದಕ್ಕಿಂತ 10 ಡೆಸಿಬೆಲ್ ಕೆಳಗಿದ್ದರೆ ಲ್ಯಾಬಿಗೆ ಧೈರ್ಯವಾಗಿ ಹೊರಡಬಹುದು.

ಹಂತ 5: ಲ್ಯಾಬಿಗೆ

ಐಎಸ್‌ಒ/ಐಇಸಿ 17025 ಅಡಿಯಲ್ಲಿ ಎನ್‌ಎಬಿಎಲ್ (ಭಾರತದ ಲ್ಯಾಬ್ ಮಾನ್ಯತಾ ಮಂಡಳಿ) ಮಾನ್ಯತೆ ಇದೆಯೇ ಎಂದು ಕೇಳುವುದಷ್ಟೇ ಸಾಲದು. ಮಾನ್ಯತೆಯ ಪಟ್ಟಿಯಲ್ಲಿ ನಿಮಗೆ ಬೇಕಾದ ಸ್ಟ್ಯಾಂಡರ್ಡಿನ ಹೆಸರು ಇದೆಯೇ ನೋಡಿ. ಎಫ್‌ಸಿಸಿ ಐಡಿ ಬೇಕಾದರೆ ಆ ಲ್ಯಾಬ್ ಎಫ್‌ಸಿಸಿ ಒಪ್ಪಿದ ಪಟ್ಟಿಯಲ್ಲಿರಬೇಕು. ಸರ್ಕಾರಿ ಸಂಸ್ಥೆಗಳಲ್ಲಿ ಚೆನ್ನೈನ ಸಮೀರ್ ಇಎಂಸಿಗೆಂದೇ ಹೆಸರಾದ ಕೇಂದ್ರ.

ಒಯ್ಯಬೇಕಾದದ್ದು ಮೂರು ಸ್ಯಾಂಪಲ್, ಏಕೆಂದರೆ ಕಿಡಿ ಅಥವಾ ಸರ್ಜ್ ಪರೀಕ್ಷೆಯಲ್ಲಿ ಒಂದಾದರೂ ಸಾಯಬಹುದು. ಮಾರುವ ಅಡಾಪ್ಟರೇ ಇರಲಿ, ಪವರ್ ಸಪ್ಲೈ ಬದಲಿ ಬೇಡ. ಎಂಟೂ ವಾಲ್ವ್ ಮತ್ತು ಅವುಗಳ ನಿಜವಾದ ಉದ್ದದ ತಂತಿ, ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪ್, ಕ್ಲಿಪ್ ಫೆರೈಟ್, ತಾಮ್ರದ ಟೇಪ್, ಬೆಸುಗೆ ಹಾಕುವ ಕಡ್ಡಿ, ಒಂದು ಡಬ್ಬಿ ಕೆಪ್ಯಾಸಿಟರ್. ಪರೀಕ್ಷೆಗೆಂದೇ ಒಂದು ಫರ್ಮ್‌ವೇರ್ ಬರೆಸಿ: ವಾಲ್ವುಗಳು ಒಂದಾದ ಮೇಲೊಂದು ತೆರೆದು ಮುಚ್ಚುತ್ತಿರಬೇಕು, ವೈಫೈ ಬಿಡದೆ ಪ್ರಸಾರ ಮಾಡುತ್ತಿರಬೇಕು, ಪರದೆಯ ಮೇಲೆ ಎಣಿಕೆ ಓಡುತ್ತಿರಬೇಕು. ಎಣಿಕೆ ನಿಂತರೆ ಉಪಕರಣ ಹೆಪ್ಪುಗಟ್ಟಿದೆ ಎಂದು ಕ್ಯಾಮೆರಾದಲ್ಲೇ ಗೊತ್ತಾಗುತ್ತದೆ.

ಕೆಡುವುದು ಎಂದರೇನು ಎಂಬುದನ್ನು ನೀವೇ ಮೊದಲು ಬರೆದುಕೊಡಬೇಕು. ಮಾನದಂಡ ಎ ಎಂದರೆ ಪರೀಕ್ಷೆ ನಡೆಯುವಾಗಲೂ ಎಲ್ಲ ಸರಿಯಾಗಿ ನಡೆಯುತ್ತಿರಬೇಕು. ಬಿ ಎಂದರೆ ಆ ಕ್ಷಣಕ್ಕೆ ತಡವರಿಸಿದರೂ ತಾನೇ ಸುಧಾರಿಸಿಕೊಳ್ಳಬೇಕು. ಯಾರಾದರೂ ಬಂದು ಬಟನ್ ಒತ್ತಬೇಕಾದರೆ ಅದು ಸಿ, ಕಿಡಿ ಪರೀಕ್ಷೆಯಲ್ಲಿ ಅದು ನಪಾಸು. ತೆರೆದ ವಾಲ್ವ್ ಮುಚ್ಚಬಾರದು, ಮುಚ್ಚಿದ್ದು ತಾನಾಗಿ ತೆರೆಯಬಾರದು ಎಂದು ಸ್ಪಷ್ಟವಾಗಿ ಬರೆಯಿರಿ. ರಾತ್ರಿಯಿಡೀ ನೀರು ಹರಿದರೆ ರೈತನಿಗೆ ನಷ್ಟ.

ಫಲಿತಾಂಶ ಮಿತಿಗಿಂತ ಅರ್ಧ ಡೆಸಿಬೆಲ್ ಕೆಳಗಿದ್ದರೂ ವರದಿಯಲ್ಲಿ ಪಾಸು. ಆದರೆ ಸಾಲಾಗಿ ತಯಾರಾಗುವ ಮಾಲು ಒಂದೊಂದೂ ಒಂದೊಂದು ತೆರ. ರೇಡಿಯೊ ಗದ್ದಲದ ಮಿತಿ ನಿಗದಿಮಾಡುವ ಅಂತರರಾಷ್ಟ್ರೀಯ ಸಮಿತಿ ಸಿಸ್ಪರ್‌ನ ಲೆಕ್ಕ ಕೂಡ ಸಾಲಿನ ಶೇಕಡಾ 80 ಮಾಲು ಶೇಕಡಾ 80 ಖಾತ್ರಿಯಿಂದ ಮಿತಿಯೊಳಗಿರಬೇಕು ಎನ್ನುತ್ತದೆ. 6 ಡೆಸಿಬೆಲ್ ಅಂತರ ಸಿಗುವವರೆಗೆ ಬಿಡಬೇಡಿ.

ನಪಾಸಾದರೆ ಗಾಬರಿಯಾಗಿ ಬೋರ್ಡಿಗೆಲ್ಲ ತಾಮ್ರದ ಟೇಪ್ ಸುತ್ತಬೇಡಿ. ಗೆರೆಯ ಆಕಾರ ನೋಡಿ. ಸಮ ಅಂತರದ ಚೂಪು ಗೆರೆಗಳಾದರೆ ಗಡಿಯಾರ. 125, 150, 175 ಎಂದು ಬಂದರೆ ಅಂತರ 25, ಹಾಗಾಗಿ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಹುಡುಕಿ. ದಿಬ್ಬದಂತೆ ಅಗಲವಾಗಿ ಎದ್ದಿದ್ದರೆ ಎಸ್‌ಎಂಪಿಎಸ್. ಆಮೇಲೆ ತಂತಿಗಳನ್ನು ಒಂದೊಂದೇ ಕಳಚಿ. 30ರಿಂದ 200 ಮೆಗಾಹರ್ಟ್ಸ್ ನಡುವಿನ ತೊಂದರೆ ಬಹುಪಾಲು ತಂತಿಯದೇ; ಒಂದೂವರೆ ಮೀಟರ್ ತಂತಿ 50 ಮೆಗಾಹರ್ಟ್ಸ್‌ಗೆ ಕಾಲು ಅಲೆಯುದ್ದ. ತಂತಿ ಕಳಚಿದಾಗ ಗೆರೆ 10 ಡೆಸಿಬೆಲ್ ಬಿದ್ದರೆ ಕಳ್ಳ ಸಿಕ್ಕಿದ. ಅಲ್ಲಿ ಫೆರೈಟ್ ಹಾಕಿ ನೋಡಿ, ಕೆಲಸ ಮಾಡಿದರೆ ಅದನ್ನು ಬೋರ್ಡಿನೊಳಗಿನ ಚೋಕ್ ಆಗಿ ಬದಲಿಸಿ. ಎರಡು ತಂತಿಗಳು ಒಟ್ಟಿಗೆ ಸೂಸುತ್ತಿದ್ದರೆ ಒಂದನ್ನು ಸರಿಮಾಡಿದಾಗ ಅಂಕಿ ಅಲುಗುವುದೇ ಇಲ್ಲ; ಆದ್ದರಿಂದ ಒಂದು ಬದಲಾವಣೆ ಫಲ ಕೊಡಲಿಲ್ಲವೆಂದು ತೆಗೆಯದೆ, ಅದನ್ನು ಅಲ್ಲೇ ಬಿಟ್ಟು ಮುಂದಿನದನ್ನು ಸೇರಿಸಿ. 300 ಮೆಗಾಹರ್ಟ್ಸ್ ಮೇಲಾದರೆ ಬೋರ್ಡ್ ಅಥವಾ ಪೆಟ್ಟಿಗೆಯ ಸಂದು.

ಹಂತ 6: ಕಾಗದಪತ್ರ

ಯುರೋಪಿಗೆ ತಾಂತ್ರಿಕ ಕಡತ ಮಾಡಬೇಕು: ಸರ್ಕ್ಯೂಟ್, ಬೋರ್ಡಿನ ನಕ್ಷೆ, ಬಿಡಿಭಾಗಗಳ ಪಟ್ಟಿ, ಅಪಾಯದ ವಿಶ್ಲೇಷಣೆ, ಪರೀಕ್ಷಾ ವರದಿ, ಕೈಪಿಡಿ. ಮಾಲು ಮಾರುಕಟ್ಟೆಗೆ ಹೋದ ಮೇಲೆ 10 ವರ್ಷ ಇಟ್ಟುಕೊಳ್ಳಬೇಕು. ಅನುಸರಣಾ ಘೋಷಣೆಯಲ್ಲಿ ಮಾಡೆಲ್, ತಯಾರಕರ ವಿಳಾಸ, ನಿರ್ದೇಶನಗಳು, ವರ್ಷ ಸಹಿತ ಸ್ಟ್ಯಾಂಡರ್ಡುಗಳು, ಸ್ಥಳ, ದಿನಾಂಕ, ಸಹಿ ಇರಬೇಕು. ಸಹಿ ಲ್ಯಾಬಿನವರದಲ್ಲ, ನಿಮ್ಮದು. ವಿಷಕಾರಿ ವಸ್ತುಗಳ ರೋಎಚ್‌ಎಸ್ ನಿರ್ದೇಶನ 2011/65/ಇಯು ಕೂಡ ಅದರಲ್ಲಿ ಸೇರಬೇಕು. ಸಿಇ ಗುರುತು ಸಾಮಾನ್ಯವಾಗಿ 5 ಮಿಲಿಮೀಟರಿಗಿಂತ ಚಿಕ್ಕದಾಗಬಾರದು. 2021ರ ಜುಲೈ 16ರಿಂದ ಯುರೋಪಿನೊಳಗೆ ಹೊಣೆಗಾರರೊಬ್ಬರ ಹೆಸರು, ವಿಳಾಸ ಮಾಲಿನ ಮೇಲೋ ಪ್ಯಾಕಿಂಗ್ ಮೇಲೋ ಕಡ್ಡಾಯ. ಆನ್‌ಲೈನಿನಲ್ಲಿ ನೇರವಾಗಿ ಮಾರುವವರು ಸಿಕ್ಕಿಬೀಳುವುದು ಇಲ್ಲೇ. ರೇಡಿಯೊ ಇದ್ದರೆ ಫ್ರೀಕ್ವೆನ್ಸಿ ಪಟ್ಟಿ ಮತ್ತು ಗರಿಷ್ಠ ಪ್ರಸಾರ ಶಕ್ತಿಯನ್ನು ಕೈಪಿಡಿಯಲ್ಲಿ ಬರೆಯಬೇಕು. ಎಫ್‌ಸಿಸಿಗೆ ಭಾಗ 15ರ ಎರಡು ಷರತ್ತಿನ ಒಕ್ಕಣೆ ಲೇಬಲ್ಲಿನಲ್ಲಿ ನಿಯಮದಲ್ಲಿ ಇರುವ ಪದಗಳಲ್ಲೇ ಇರಬೇಕು, ಬಿ ವರ್ಗದ ಎಚ್ಚರಿಕೆ ಕೈಪಿಡಿಯಲ್ಲಿ ಇರಬೇಕು.

ವರದಿ ಬಂದ ದಿನ ಪರೀಕ್ಷೆಯಾದ ಒಂದು ಸ್ಯಾಂಪಲ್ಲಿಗೆ ಸೀಲು ಹಾಕಿ ಬೀರುವಿನಲ್ಲಿಡಿ. ಆಮೇಲೆ ಪರ್ಚೇಸ್ ವಿಭಾಗದವರಿಗೆ ಒಂದು ಪಟ್ಟಿ ಕೊಡಿ: ವೈಫೈ ಮಾಡ್ಯೂಲ್, ಅಡಾಪ್ಟರ್, ಕ್ರಿಸ್ಟಲ್, ಸ್ವಿಚಿಂಗ್ ಮಾಸ್‌ಫೆಟ್, ಕಾಮನ್ ಮೋಡ್ ಚೋಕ್, ಫೆರೈಟ್, ವೈ ಕೆಪ್ಯಾಸಿಟರ್. ಇವುಗಳಲ್ಲಿ ಯಾವುದನ್ನೂ ಡಿಸೈನ್ ವಿಭಾಗದ ಸಹಿಯಿಲ್ಲದೆ ಬದಲಿಸುವಂತಿಲ್ಲ. ಎರಡು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ತಂದ ಮಾಸ್‌ಫೆಟ್ ಹಳೆಯದಕ್ಕಿಂತ ಚುರುಕಾಗಿ ಸ್ವಿಚ್ ಆದರೆ ಅಷ್ಟೇ ಸಾಕು, 30 ಮೆಗಾಹರ್ಟ್ಸ್ ಮೇಲೆ ಗೆರೆ ಮಿತಿ ದಾಟುತ್ತದೆ. ಬದಲಿಸಲೇಬೇಕಾದರೆ ಹೊಸ ಭಾಗ ಹಾಕಿದ ಬೋರ್ಡನ್ನೂ ಬೀರುವಿನ ಸ್ಯಾಂಪಲ್ಲನ್ನೂ ಅದೇ ತಂತಿ, ಅದೇ ಪ್ರೋಬ್ ಬಳಸಿ ಅಕ್ಕಪಕ್ಕ ಅಳೆದು, ವ್ಯತ್ಯಾಸ 3 ಡೆಸಿಬೆಲ್ ಮೀರಿದರೆ ಲ್ಯಾಬಿಗೆ ಮತ್ತೆ ಒಯ್ಯಿರಿ. ಮೀರದಿದ್ದರೆ ಅಳತೆಯ ಚಿತ್ರವನ್ನು ದಿನಾಂಕದೊಂದಿಗೆ ತಾಂತ್ರಿಕ ಕಡತಕ್ಕೆ ಸೇರಿಸಿ.